ಕತ್ತಲೆಯಲ್ಲಿ ಕ್ಯಾಮರಾದ ಪರೀಕ್ಷೆ

ಕ್ಯಾಮರಾ ಕೊಳ್ಳುವ ಮನೆಗಳಲ್ಲಿ ಈಗ ಅಂಕೆಯ ಮೋಹವೊಂದು ಹಬ್ಬಿದೆ. ಐ.ಎಸ್.ಓ. 25600 ಎಂದು ಬರೆದಿದ್ದರೆ ಸಾಕು, ಕತ್ತಲೆಯೇ ಸೋತಿತೆಂದು ತರುಣರು ಬಗೆಯುವರು. ತಂದೆಯಾದವನು ಅಡಕೆಯನ್ನೋ ಕೊಬ್ಬರಿಯನ್ನೋ ಮಾರಿದ ಹಣವನ್ನು ಎಣಿಸಿಕೊಡುವನು. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ವಾಚಕರು ಹಣ ತೆರುವ ಮೊದಲು, ಎರವಲು ಕ್ಯಾಮರಾಗಳೆರಡನ್ನು ಹಿಡಿದು ಅಮೃತಾಪುರಕ್ಕೊಮ್ಮೆ ಹೋಗಿಬರುವುದು ಲೇಸು.

ತರೀಕೆರೆ ತಾಲ್ಲೂಕಿನ ಆ ಅಮೃತೇಶ್ವರ ದೇವಾಲಯವು ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ನಿರ್ಮಿತವಾದುದು. ತೆರೆದ ಮಂಟಪದ ಹೊರಗೋಡೆಯಲ್ಲಿ ರಾಮಾಯಣ, ಭಾರತ, ಭಾಗವತಗಳ 140 ಶಿಲಾಫಲಕಗಳಿವೆ. ಅವು ಹಗಲಿನ ಬೆಳಕಿನಲ್ಲಿರುವುದರಿಂದ ಯಾವ ಕ್ಯಾಮರಾ ಆದರೂ ಅವನ್ನು ಚೆನ್ನಾಗಿಯೇ ಹಿಡಿಯುವುದು. ಒಳಗಿನ ನವರಂಗದ ಭುವನೇಶ್ವರಿಗಳತ್ತ ಮುಖವೆತ್ತಿದಾಗ ಪರೀಕ್ಷೆ ಮೊದಲಾಗುವುದು.

ಬೆಳಕು ಕಣಕಣವಾಗಿ ಬರುವ ವಸ್ತು. ಅಂಗಳದಲ್ಲಿಟ್ಟ ಎರಡು ತಂಬಿಗೆಗಳಲ್ಲಿ ಮಳೆಹನಿಗಳು ಲೆಕ್ಕವಿಟ್ಟಂತೆ ಸಮನಾಗಿ ಬೀಳುವುವೇ? ಬೆಳಕೂ ಹಾಗೆಯೇ. 10,000 ಕಣಗಳು ಬೀಳುವಲ್ಲಿ ಏರುಪೇರು ಸುಮಾರು 100, ಎಂದರೆ ನೂರಕ್ಕೆ ಒಂದು. 100 ಕಣ ಬೀಳುವಲ್ಲಿ 10, ನೂರಕ್ಕೆ ಹತ್ತು. ಚಿತ್ರದಲ್ಲಿ ಕಾಳುಕಾಳಾಗಿ ತೋರುವ ‘ನಾಯ್ಸ್’ ಬಹುಮಟ್ಟಿಗೆ ಇದೇ. (ಕಣ್ಣಿನ ದೋಷಕ್ಕೆ ಕಿವಿಯ ಹೆಸರು! ವಿದ್ಯುತ್ ಶಾಸ್ತ್ರದವರು ಕೊಟ್ಟ ಶಬ್ದ. ನಮ್ಮ ಆಲಂಕಾರಿಕರು ಒಪ್ಪುತ್ತಿದ್ದರೋ ಇಲ್ಲವೋ.) ಐ.ಎಸ್.ಓ. ಏರಿಸಿದರೆ ಬೆಳಕು ಹೆಚ್ಚಲಾರದು. ಬಂದಷ್ಟನ್ನೇ ಹಿಗ್ಗಿಸಿ ತೋರಿಸುವುದಾಗುತ್ತದೆ. 100ರಲ್ಲಿ ಒಂದು ಸೆಕೆಂಡು ಹಿಡಿಯುವ ಚಿತ್ರವು 3200ರಲ್ಲಿ ಅದರ 32ರಲ್ಲೊಂದು ಪಾಲಿನ ಕಾಲಕ್ಕೆ ಮುಗಿಯುವುದು. ಒಳಬಂದ ಬೆಳಕೂ ಅಷ್ಟೇ ಪಾಲು.

ಆದುದರಿಂದ ಸೆನ್ಸಾರಿನ ವಿಸ್ತಾರವನ್ನು ಮೊದಲು ಕೇಳತಕ್ಕದ್ದು. ಫುಲ್‌ಫ್ರೇಮ್ ಎಂಬುದು 36×24 ಮಿಲಿಮೀಟರು, 864 ಚದರ, ಎ.ಪಿ.ಎಸ್.-ಸಿ. ಎಂಬುದು ಸುಮಾರು 23.5×15.6, ಅಂದರೆ 367 ಚದರ. ಮೊದಲನೆಯದರ ತಂಬಿಗೆಯ ಬಾಯಿ ಎರಡೂಕಾಲು ಪಟ್ಟಿಗೂ ಮಿಕ್ಕಿ ದೊಡ್ಡದು. ಅಂಕೆಗಳಾದರೋ ಬೇರೆಯೇ ವೇಗದಲ್ಲಿ ಓಡಿವೆ: 2005ರ ಕ್ಯಾನನ್ 5ಡಿ 3200ಕ್ಕೆ ನಿಂತಿತು, 2007ರ ನಿಕಾನ್ ಡಿ3 25600ಕ್ಕೆ ಏರಿತು, 2014ರ ಸೋನಿ ಎ7ಎಸ್ 409600 ಎಂದಿತು. ಮೂರೂ ಫುಲ್‌ಫ್ರೇಮುಗಳೇ. ಗುಣವು ಉತ್ತಮಗೊಂಡುದು ನಿಜ. ನೂರಿಪ್ಪತ್ತೆಂಟು ಪಟ್ಟು ಉತ್ತಮಗೊಂಡಿತೆಂದು ನಂಬತಕ್ಕದ್ದಲ್ಲ.

ಹೋಲಿಸುವಾಗ ಎರಡರಲ್ಲೂ ಲೆನ್ಸಿನ ದ್ವಾರವನ್ನೂ ಕಾಲವನ್ನೂ ಕೈಯಿಂದಲೇ ಒಂದಾಗಿ ಇಡಬೇಕು. ಒಬ್ಬರ 3200 ಇನ್ನೊಬ್ಬರ 3200ಕ್ಕೆ ಸರಿಯಾಗಿರಲೇಬೇಕೆಂದಿಲ್ಲ. ಚಿತ್ರಗಳನ್ನು ಒಂದೇ ಅಳತೆಗೆ ತಂದು ನೋಡಬೇಕು. ಜೆಪೆಗ್ ಬಿಟ್ಟು ರಾ ಕಡತವನ್ನೇ ತೆರೆಯಬೇಕು. ಜೆಪೆಗ್‌ನಲ್ಲಿ ಯಂತ್ರವು ಕಾಳನ್ನು ಒರೆಸುವ ಭರದಲ್ಲಿ ಭುವನೇಶ್ವರಿಯ ಎಸಳಿನ ಅಂಚನ್ನೂ ಒರೆಸಿಬಿಡುವುದು. ಎಂಟು ನೂರು ವರ್ಷ ಉಳಿದ ಉಳಿಯ ಗೆರೆ ಚಿತ್ರದಲ್ಲಿ ಅಳಿಯುವುದಾದರೆ, ಆ ನುಣುಪಿನಿಂದ ಬಂದ ಭಾಗ್ಯವೇನು? ನನಗಂತೂ ಕಾಳಿನ ಚಿತ್ರವೇ ಮೇಲು.

ಕಲ್ಲಿನ ಹೂವು ಅಲುಗದು. ಸ್ಮಾರಕಗಳಲ್ಲಿ ಮುಕ್ಕಾಲಿ ಊರಲು ಅನುಮತಿ ಬೇಕಾದರೂ, ನೆಲದ ಮೇಲೆ ಮಡಿಸಿದ ಬಟ್ಟೆಯಿಟ್ಟು, ಕ್ಯಾಮರಾವನ್ನು ಅಂಗಾತ ಮಲಗಿಸಿ, ಟೈಮರಿನಿಂದ 100ರಲ್ಲೇ ತೆಗೆದರೆ ಹಳೆಯ ಕ್ಯಾಮರಾವೂ ಹೊಸತನ್ನು ನಾಚಿಸುವುದು.

ಮದುವೆಯ ಮನೆಯಲ್ಲಿ ಇದು ನಡೆಯದು. ಅಕ್ಷತೆ ಎರಚುವ ಕೈ ಸೆಕೆಂಡಿನ 125ರಲ್ಲೊಂದು ಭಾಗವನ್ನಾದರೂ ಬೇಡುವುದು. ಅದೇ ವೃತ್ತಿಯಾದವರು ಫುಲ್‌ಫ್ರೇಮ್ ಕೊಳ್ಳಲಿ. ಮನೆಮಟ್ಟಿಗೆ ತೆಗೆಯುವವರು ಇದ್ದ ಎ.ಪಿ.ಎಸ್.-ಸಿ. ಕ್ಯಾಮರಾಕ್ಕೆ 50 ಮಿಲಿಮೀಟರಿನ ಎಫ್/1.8 ಲೆನ್ಸೊಂದನ್ನು ತೊಡಿಸಿದರೆ, ಅದರೊಡನೆ ಬಂದ 18–55ರ ಲೆನ್ಸು ಆ ದೂರದಲ್ಲಿ ಎಫ್/5.6ರಷ್ಟೇ ತೆರೆಯುವುದಾದ್ದರಿಂದ, ಒಂಬತ್ತು ಪಟ್ಟಿಗೂ ಮಿಕ್ಕಿದ ಬೆಳಕು ಒಳಬರುವುದು. ಖರ್ಚೋ, ಹೊಸ ಕ್ಯಾಮರಾದ ಒಂದು ಸಣ್ಣ ಪಾಲು.