ಕುವೈತ್ ಡ್ಯೂಟಿ ಡೈರಿ – 14: ‘ಈಗಿನ ಮಕ್ಕಳಿಗೆ ಕೆಲಸ ಬೇಡ’ ಅನ್ನುವವರಿಗೆ

ನೈಟ್ ಡ್ಯೂಟಿ ಮುಗಿಸಿ ರೂಮಿಗೆ ಬಂದು, ಒಂದು ಚಾ ಕುಡಿದು ಬರೆಯಲು ಕೂತಿದ್ದೇನೆ. ಇವತ್ತಿನದ್ದು ಸ್ವಲ್ಪ ಖಾರ, ಮೊದಲೇ ಹೇಳಿಬಿಡುತ್ತೇನೆ.

ಹೋದ ಪೋಸ್ಟಿನ ಕೆಳಗೆ ನೀವು ನಾಲ್ಕೈದು ಜನ ಒಂದೇ ಮಾತು ಬರೆದಿದ್ದೀರಿ. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿರುವ ನನ್ನ ಹೈಸ್ಕೂಲು ಗೆಳತಿ, “ಈಗಿನವ್ರಿಗೆ ಐದು ಗಂಟೆ ಆಯ್ತಂದ್ರೆ ಮನೆಗೆ ಹೋಪುದೇ ಯೋಚನೆ ಮಾರಾಯ್ತಿ” ಅಂದಳು. ಗೇರುಬೀಜದ ಕಾರ್ಖಾನೆ ನೋಡಿಕೊಳ್ಳುವ ಚಿಕ್ಕಪ್ಪ, “ಒಂದು ಮಾತು ಹೇಳಿದ್ರೆ ಮರುದಿನ ಬರುವುದೇ ಇಲ್ಲ” ಅಂದರು. ಇನ್ನೊಬ್ಬರು ನಾರಾಯಣ ಮೂರ್ತಿಯವರ 2023ರ ವಾರಕ್ಕೆ 70 ಗಂಟೆಯ ಮಾತನ್ನೇ ಕಳಿಸಿದ್ದಾರೆ. ಇಲ್ಲಿ ಕುವೈತಿನ 2010ರ ಕಾರ್ಮಿಕ ಕಾನೂನು ಖಾಸಗಿ ಕೆಲಸಕ್ಕೆ ವಾರಕ್ಕೆ 48 ಗಂಟೆ ಸಾಕು ಅನ್ನುತ್ತದೆ. ಮಿಕ್ಕಿದ್ದಕ್ಕೆ ಹೆಚ್ಚು ಸಂಬಳ ಕೊಡಬೇಕು. ಐದು ಗಂಟೆಗೆ ಮನೆಗೆ ಹೋಗುವುದು ಯಾವಾಗಿನಿಂದ ತಪ್ಪಾಯಿತು?

ಇದೇ ಮಾತನ್ನು ನಾನೂ ಹೇಳುತ್ತಿದ್ದೆ. ಈಗ ಯಾಕೆ ಹೇಳುವುದಿಲ್ಲ ಅಂತ ಕೇಳಿ.

ಕೆಲವು ತಿಂಗಳ ಹಿಂದೆ ನಮ್ಮ ವಾರ್ಡಿಗೆ ಹಾಸನ ಕಡೆಯ ಹುಡುಗಿಯೊಬ್ಬಳು ಬಂದಳು. ವಯಸ್ಸು 24, ಬಿಎಸ್‌ಸಿ ನರ್ಸಿಂಗ್. ನಾನು 2003ರಲ್ಲಿ ಜಿಎನ್‌ಎಂ ಡಿಪ್ಲೊಮಾ ಹಿಡಿದು ವಿಮಾನ ಹತ್ತಿದವಳು. ಅವಳು “ಅಕ್ಕಾ ಅಕ್ಕಾ” ಅಂತ ದಿನಕ್ಕೆ ಇಪ್ಪತ್ತು ಪ್ರಶ್ನೆ ಕೇಳುತ್ತಿದ್ದಳು. ಒಂದು ದಿನ ಹದಿನಾಲ್ಕು ಪೇಶೆಂಟ್ ನನ್ನ ತಲೆಮೇಲೆ. ಎಲ್ಲರ ಎದುರೇ ಅಂದುಬಿಟ್ಟೆ: “ಬಿಎಸ್‌ಸಿಯಲ್ಲಿ ಎಂತ ಕಲಿಸಿದ್ದು ನಿಂಗೆ?” ಅವತ್ತಿನಿಂದ ಅವಳ ಪ್ರಶ್ನೆ ನಿಂತಿತು. ಸದ್ಯ, ಕಲಿತಳು ಅಂದುಕೊಂಡೆ.

ಮುಂದಿನ ವಾರ ಒಬ್ಬ ಶುಗರ್ ಪೇಶೆಂಟಿಗೆ 6 ಯುನಿಟ್ ಇನ್ಸುಲಿನ್ ಬರೆದಿದ್ದರು. ಇನ್ಸುಲಿನ್ ಸಿರಿಂಜ್ ಮುಗಿದಿತ್ತು. ಅವಳು ಸಾಮಾನ್ಯ ಸಿರಿಂಜಿನಲ್ಲಿ 0.6 ಎಂಎಲ್ ಎಳೆದಳು. ಒಂದು ಎಂಎಲ್‌ನಲ್ಲಿ 100 ಯುನಿಟ್ ಇರುತ್ತದೆ. ಅಂದರೆ ಅವಳ ಕೈಯಲ್ಲಿದ್ದದ್ದು 60 ಯುನಿಟ್, ಹತ್ತು ಪಟ್ಟು. ಇನ್ಸುಲಿನ್ ಕೊಡುವ ಮೊದಲು ಇಬ್ಬರು ನೋಡಬೇಕು ಅನ್ನುವುದು ನಿಯಮ. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಅವಳು ನನ್ನನ್ನು ದಾಟಿ, ಕಾರಿಡಾರಿನ ಕೊನೆಯಲ್ಲಿದ್ದ ಫಿಲಿಪೈನ್ಸ್‌ನ ಸೀನಿಯರ್ ಹತ್ತಿರ ಹೋದಳು. ಆಕೆಯನ್ನು ನಾವು ‘ಆಟೆ’ ಅನ್ನುತ್ತೇವೆ, ಅವರ ಭಾಷೆಯಲ್ಲಿ ಅಕ್ಕ ಅಂತ. ಆಟೆ ಸಿರಿಂಜ್ ನೋಡಿ ಕೈ ಹಿಡಿದಳು. ಪೇಶೆಂಟ್ ಬಚಾವಾದ.

ಆಟೆ ಅಲ್ಲಿರದಿದ್ದರೆ? ವರದಿಯಲ್ಲಿ, ಹತ್ತಿರವಿದ್ದ ಸೀನಿಯರನ್ನು ಯಾಕೆ ಕೇಳಲಿಲ್ಲ ಅನ್ನುವ ಕಡೆ ಆ ಹುಡುಗಿ ಬರೆದದ್ದು ಎರಡೇ ಪದ: ಕೇಳಲು ಭಯವಾಯಿತು.

ನಾನು ಹೊಸದಾಗಿ ಬಂದಾಗ ನನಗೆ ಕಲಿಸಿದ್ದು ಒಬ್ಬರು ಕೇರಳದ ಚೇಚಿ. 1990ರ ಆಗಸ್ಟ್ 2ರಂದು ಇರಾಕ್ ಸೈನ್ಯ ಬಂದಾಗಲೂ ಇಲ್ಲಿದ್ದವರು. ಅಮ್ಮಾನ್‌ವರೆಗೆ ಹೋಗಿ ಏರ್ ಇಂಡಿಯಾ ವಿಮಾನದಲ್ಲಿ ಊರು ಸೇರಿ, ಮತ್ತೆ ಬಂದವರು. ಮಾನಿಟರ್ ನೋಡುವ ಮೊದಲು ಪೇಶೆಂಟಿನ ಮುಖ ನೋಡು ಅಂತ ಕಲಿಸಿದ್ದು ಅವರೇ. ನನ್ನನ್ನು ಸ್ಟೋರ್‌ರೂಮಿನಲ್ಲಿ ಕೂತು ಅಳುವಂತೆ ಮಾಡಿದ್ದೂ ಅವರೇ. ನಾನು ಕಲಿತದ್ದು ಬೈಗುಳದಿಂದ ಅಂತ ಇಷ್ಟು ವರ್ಷ ನಂಬಿದ್ದೆ. ಅಲ್ಲ. ಕಲಿತದ್ದು ಅವರು ಪಕ್ಕದಲ್ಲಿ ನಿಂತು ತೋರಿಸಿದ್ದರಿಂದ. ನಾನು ಈ ಹುಡುಗಿಗೆ ದಾಟಿಸಿದ್ದು ಬೈಗುಳವನ್ನು ಮಾತ್ರ.

ಪೆಟ್ರಿಷಿಯಾ ಬೆನ್ನರ್ ಅನ್ನುವ ಅಮೆರಿಕದ ನರ್ಸಿಂಗ್ ವಿದ್ವಾಂಸೆ 1984ರಲ್ಲೇ ಒಂದು ಪುಸ್ತಕ ಬರೆದಿದ್ದಾರೆ. ಹೊಸಬಳಿಂದ ಪರಿಣಿತೆಯವರೆಗೆ ಐದು ಮೆಟ್ಟಿಲು. ಅಲ್ಲಿ ಲೆಕ್ಕಕ್ಕೆ ಬರುವುದು ಹುಟ್ಟಿದ ಇಸವಿ ಅಲ್ಲ, ಆ ಕೆಲಸದ ಅನುಭವ. ಇಪ್ಪತ್ತು ವರ್ಷದ ನರ್ಸನ್ನೂ ಗೊತ್ತಿಲ್ಲದ ವಾರ್ಡಿಗೆ ಹಾಕಿದರೆ ಅವಳು ಮತ್ತೆ ಹೊಸಬಳೇ. ನಮ್ಮಲ್ಲಿ ಕಾಗದದ ಫೈಲ್ ಹೋಗಿ ಎಲ್ಲ ಕಂಪ್ಯೂಟರಿಗೆ ಬಂದಾಗ ನನಗೆ ಇದು ಚೆನ್ನಾಗಿ ಗೊತ್ತಾಯಿತು. ಒಂದು ಔಷಧಿ ಎಂಟ್ರಿ ಮಾಡಲು ಕಾಲು ಗಂಟೆ ಬೇಕಿತ್ತು. ಆಗ ಪಕ್ಕದಲ್ಲಿ ಕೂತು ಕಲಿಸಿದ್ದು ಇಂಥದ್ದೇ ಹುಡುಗಿಯರು. ಒಬ್ಬಳೂ “ಇಷ್ಟು ವರ್ಷ ಎಂತ ಮಾಡಿದ್ರಿ ಅಕ್ಕಾ” ಅಂತ ಕೇಳಲಿಲ್ಲ.

ಈಗ ಮೇಲಿನವರ ಮಾತಿಗೆ ಬರುತ್ತೇನೆ. ಇನ್ಸುಲಿನ್ ಘಟನೆ ಆದಮೇಲೆ ನಮಗೆಲ್ಲ ‘ತಲೆಮಾರಿನ ಅಂತರ’ದ ಬಗ್ಗೆ ಕ್ಲಾಸು ಇಟ್ಟರು, ಅದೂ ನೈಟ್ ಡ್ಯೂಟಿ ಮುಗಿದ ಮೇಲೆ. ಜನರೇಷನ್ ಎಕ್ಸ್ ಹೀಗೆ, ವೈ ಹಾಗೆ, ಝಡ್ ಹೀಗೆ ಅಂತ ಬಣ್ಣಬಣ್ಣದ ಸ್ಲೈಡು. ಜಾತಕ ಓದಿದ ಹಾಗೆ. ಆ ದಿನ ನನ್ನ ಕೈಕೆಳಗೆ ಎಷ್ಟು ಪೇಶೆಂಟ್ ಇದ್ದರು, ಅದರ ಮಧ್ಯೆ ಹೊಸಬಳಿಗೆ ಕಲಿಸಲು ಯಾವ ಹೊತ್ತು ಕೊಟ್ಟಿದ್ದಿರಿ, ಸಿರಿಂಜ್ ಯಾಕೆ ಮುಗಿದಿತ್ತು, ಇದನ್ನು ಯಾರೂ ಕೇಳಲಿಲ್ಲ. ‘ತಲೆಮಾರು’ ಅಂದುಬಿಟ್ಟರೆ ತಪ್ಪು ಅವಳದ್ದು, ಇಲ್ಲ ನನ್ನದು. ಡ್ಯೂಟಿ ಪಟ್ಟಿ ಬರೆದವರದ್ದು ಅಲ್ಲವೇ ಅಲ್ಲ.

“ಆದ್ರೆ ಇವರು ನಿಲ್ಲುವುದಿಲ್ಲವಲ್ಲ, ಎರಡು ವರ್ಷಕ್ಕೆ ಐರ್ಲೆಂಡ್, ಜರ್ಮನಿ ಅಂತ ಓಡ್ತಾರೆ” ಅನ್ನುತ್ತೀರಿ. ಹೌದು, ಓಡುತ್ತಾರೆ. ನಾವು ಯಾಕೆ ಓಡಲಿಲ್ಲ? ತಂಗಿಯ ಮದುವೆ, ಮನೆಯ ಸಾಲ, ಸ್ಪಾನ್ಸರ್ ಬಿಡದೆ ಬದಲಾಯಿಸಲಾಗದ ವೀಸಾ. ನಮ್ಮ ನಿಷ್ಠೆಯಲ್ಲಿ ಅರ್ಧ ಸಾಲವೇ ಇತ್ತು ಅಂತ ಅಮ್ಮನಿಗೆ ಗೊತ್ತು. ಬೇರೆ ದಾರಿ ಇದ್ದವಳು ಹೋದರೆ ಅವಳನ್ನು ಯಾಕೆ ಬೈಯಬೇಕು?

ನಾನು ಕೇಳುವುದು ಮೂರೇ. ಹೊಸಬರಿಗೆ ಮೊದಲ ಮೂರು ತಿಂಗಳು ಒಬ್ಬರೇ ಕಲಿಸುವವರು ಇರಲಿ, ಆ ಕಲಿಸುವವರಿಗೆ ಪೇಶೆಂಟ್ ಕಡಿಮೆ ಕೊಡಿ. ಮದುವೆ ಆಗಿಲ್ಲ, ಮಕ್ಕಳಿಲ್ಲ ಅಂತ ಹಬ್ಬದ ರಾತ್ರಿಯ ಡ್ಯೂಟಿಯೆಲ್ಲ ಅವರ ತಲೆಗೇ ಕಟ್ಟಬೇಡಿ. ಪ್ರಶ್ನೆ ಕೇಳಿದವರನ್ನು ಎಲ್ಲರ ಎದುರು ಹಂಗಿಸಬೇಡಿ. ಬ್ಯಾಂಕಿಗೂ, ಗೇರುಬೀಜದ ಕಾರ್ಖಾನೆಗೂ ಇದು ಹೊಂದುತ್ತದೆ ಚಿಕ್ಕಪ್ಪ.

ಆ ಹುಡುಗಿಯ ಹತ್ತಿರ ನಾನು ತಪ್ಪಾಯಿತು ಅಂದೆ. ಸುಮ್ಮನೆ ತಲೆ ಅಲ್ಲಾಡಿಸಿದಳು. ಇನ್ನೂ ಪ್ರಶ್ನೆ ಕೇಳಲು ಮೊದಲು ಆಟೆ ಹತ್ತಿರವೇ ಹೋಗುತ್ತಾಳೆ. ನಿನ್ನೆ ರಾತ್ರಿ ಮಾತ್ರ ಒಂದು ಸಿರಿಂಜ್ ಹಿಡಿದು ನನ್ನ ಹತ್ತಿರ ಬಂದು, “ಅಕ್ಕಾ, ಒಮ್ಮೆ ನೋಡ್ತೀರಾ?” ಅಂದಳು. ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಿದೆ. ಸರಿ ಇತ್ತು.

ಇನ್ನು ಬೈಯುವುದಿದ್ದರೆ ಕೆಳಗೆ ಬೈಯಿರಿ. ನಾನು ಮಲಗುತ್ತೇನೆ, ಇವತ್ತು ರಾತ್ರಿಯೂ ಡ್ಯೂಟಿ ಇದೆ.