ಅಂಗುಲ ಹಗ್ಗದ ಆಟ

ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಸೇಲಿಂಗ್ ಸ್ಪರ್ಧೆಗಳು 2023ರ ಸೆಪ್ಟೆಂಬರಿನಲ್ಲಿ ಮುಗಿದಾಗ ಭಾರತೀಯ ಸೇನೆಯ ವಿಷ್ಣು ಸರವಣನ್ ಅವರ ಲೆಕ್ಕದಲ್ಲಿ 34 ಪಾಯಿಂಟ್ ಇದ್ದವು, ಕೊರಿಯಾದ ಹಾ ಜೀಮಿನ್ ಅವರದು 33. ಈ ಆಟದಲ್ಲಿ ಕಡಿಮೆ ಪಾಯಿಂಟ್ ಇದ್ದವರೇ ಮೇಲೆ. ಒಂದು ರೇಸ್‌ನಲ್ಲಿ ಮೊದಲು ಬಂದವರಿಗೆ 1, ಎರಡನೆಯವರಿಗೆ 2, ಹೀಗೆ ರೇಸ್‌ಗಳ ಪಾಯಿಂಟ್ ಕೂಡುತ್ತ ಹೋಗುತ್ತದೆ. ದಿನಗಟ್ಟಲೆ ಕಾದಾಡಿದ ಮೇಲೆ ಬೆಳ್ಳಿಗೂ ಕಂಚಿಗೂ ನಡುವೆ ಉಳಿದದ್ದು ಒಂದೇ ಸ್ಥಾನದ ಅಂತರ.

ಇಬ್ಬರೂ ಓಡಿಸಿದ್ದು ಐಎಲ್‌ಸಿಎ 7 ದೋಣಿ. ಹಳಬರು ಇದನ್ನು ಇವತ್ತಿಗೂ ಲೇಸರ್ ಎಂದೇ ಕರೆಯುತ್ತಾರೆ. ಕೆನಡಾದ ಬ್ರೂಸ್ ಕಿರ್ಬಿ 1969ರಲ್ಲಿ ಗೀಚಿದ ಚಿತ್ರದಿಂದ ಹುಟ್ಟಿದ್ದು, ಉದ್ದ 4.2 ಮೀಟರ್, ತೂಕ ಸುಮಾರು 59 ಕಿಲೋ, ಒಂದೇ ಹಾಯಿ, ಒಬ್ಬರೇ ಸವಾರರು. 1996ರಿಂದ ಒಲಿಂಪಿಕ್ಸ್‌ನಲ್ಲಿದೆ. ಎರಡು ಲಕ್ಷಕ್ಕೂ ಹೆಚ್ಚು ದೋಣಿಗಳು ತಯಾರಾಗಿವೆ, ಎಲ್ಲವೂ ಒಂದೇ ಅಳತೆಯವು. ತಳ ಉಜ್ಜಿ ಆಕಾರ ಬದಲಿಸುವಂತಿಲ್ಲ, ಬೇರೆ ಬಟ್ಟೆಯ ಹಾಯಿ ಹೊಲಿಸುವಂತಿಲ್ಲ. ದುಡ್ಡು ಕೊಟ್ಟು ವೇಗ ಕೊಳ್ಳಲು ನಿಯಮವೇ ಬಿಡುವುದಿಲ್ಲ.

ಹಾಗಿದ್ದೂ ಒಬ್ಬರು ಮುಂದೆ, ಒಬ್ಬರು ಹಿಂದೆ ಆಗುವುದು ಮುಖ್ಯವಾಗಿ ಮೂರು ಹಗ್ಗಗಳಿಂದ. ಔಟ್‌ಹಾಲ್ ಎಳೆದರೆ ಹಾಯಿಯ ಕೆಳಭಾಗದ ಉಬ್ಬು ಇಳಿಯುತ್ತದೆ. ಕನಿಂಗ್‌ಹ್ಯಾಮ್ ಎಳೆದರೆ ಉಬ್ಬು ಕೂವೆಮರದ ಕಡೆಗೆ ಸರಿದು, ಹಾಯಿಯ ಮೇಲ್ತುದಿ ಹೆಚ್ಚಾದ ಗಾಳಿಯನ್ನು ಬಿಟ್ಟುಕೊಡುತ್ತದೆ. ವ್ಯಾಂಗ್ ಹಾಯಿಯ ಬುಡದ ಅಡ್ಡಮರವಾದ ಬೂಮನ್ನು ಕೆಳಕ್ಕೆ ಜಗ್ಗುತ್ತದೆ. ಕೂವೆಮರವನ್ನು ಹಿಡಿದು ನಿಲ್ಲಿಸುವ ತಂತಿಗಳು ಈ ದೋಣಿಗಿಲ್ಲ. ಹಾಗಾಗಿ ವ್ಯಾಂಗ್ ಬಿಗಿದಷ್ಟೂ ಮರ ಬಿಲ್ಲಿನಂತೆ ಬಾಗಿ ಇಡೀ ಹಾಯಿ ಚಪ್ಪಟೆಯಾಗುತ್ತದೆ. ಜೋರು ಗಾಳಿಗೆ ಎದುರಾಗಿ ಏರುವಾಗ ಬೂಮ್ ಎಷ್ಟು ತಗ್ಗುತ್ತದೆಂದರೆ, ಪಕ್ಕ ಬದಲಿಸುವಾಗ ಅದರಡಿ ನುಸುಳಲು ಮೈಯನ್ನು ಪೂರಾ ಮಡಚಬೇಕು. ಗಾಳಿ ಬರುವ ಕಡೆಯ ಗುರುತಿನ ಬೋಯಾ ಸುತ್ತಿ ಗಾಳಿಯ ಜೊತೆಗೆ ತಿರುಗುವ ಮುನ್ನ ಅದೇ ವ್ಯಾಂಗನ್ನು ಸಡಿಲಿಸಲು ಮರೆತರೆ ಬೂಮಿನ ತುದಿ ನೀರಿಗೆ ತಾಗಿ ದೋಣಿ ಮಗುಚಬಹುದು.

ಸ್ಟಾರ್ಟ್ ಇನ್ನೊಂದು ಪರೀಕ್ಷೆ. ಐದು ನಿಮಿಷಕ್ಕೆ ಒಂದು ಸದ್ದು, ನಾಲ್ಕಕ್ಕೆ ಇನ್ನೊಂದು, ಕೊನೆಯ ನಿಮಿಷಕ್ಕೆ ಮತ್ತೊಂದು. ಆಮೇಲೆ ಹೊರಡುವ ಸದ್ದಿನವರೆಗೆ ಹತ್ತಾರು ದೋಣಿಗಳು ಪಕ್ಕೆಗೆ ಪಕ್ಕೆ ತಾಗುವಷ್ಟು ಹತ್ತಿರ, ಹಾಯಿ ಪಟಪಟಿಸುತ್ತ ಗೆರೆಯ ಹಿಂದೆ ನಿಂತಿರುತ್ತವೆ. ಕಪ್ಪು ಬಾವುಟ ಹಾರಿಸಿದ್ದ ಸ್ಟಾರ್ಟ್‌ನಲ್ಲಿ ಆ ಕೊನೆಯ ನಿಮಿಷದೊಳಗೆ ಗೆರೆ ಮೀರಿದವರು ಆ ರೇಸ್‌ನಿಂದಲೇ ಹೊರಗೆ. ತಡವಾಗಿ ಹೊರಟವರಿಗೆ ಸಿಗುವುದು ಮುಂದಿನವರ ಹಾಯಿ ಕಲಕಿಬಿಟ್ಟ ಗಾಳಿ.

ಹಗ್ಗಗಳ ಆ ಲೆಕ್ಕ ಕಲಿಯುವ ದಾರಿ ಒಂದೇ. ಸರಿಸುಮಾರು ಒಂದೇ ತೂಕದ ಇಬ್ಬರು ಅಕ್ಕಪಕ್ಕ ದೋಣಿ ಬಿಡಬೇಕು. ಒಬ್ಬರು ಏನನ್ನೂ ಮುಟ್ಟದೆ ಇರಬೇಕು, ಇನ್ನೊಬ್ಬರು ಒಂದು ಹಗ್ಗವನ್ನು ಮಾತ್ರ ಅಂಗುಲದಷ್ಟು ಎಳೆದು ನೋಡಬೇಕು. ಕೆಲವು ನಿಮಿಷಗಳಲ್ಲಿ ಯಾರು ಮುಂದಾದರು ಎಂಬುದು ಕಣ್ಣಿಗೇ ಕಾಣುತ್ತದೆ. ಒಂಟಿ ಪ್ರತಿಭೆಗೆ ದುಬಾರಿ ದೋಣಿ ಕೊಡಿಸಿ ಪದಕಕ್ಕೆ ಕಾಯುವುದು ಅದಕ್ಕೇ ವ್ಯರ್ಥ. ಬೇಕಾದದ್ದು ಓರಗೆಯವರ ಗುಂಪು.

ಭೋಪಾಲ್ ಇದನ್ನು ಮಾಡಿ ತೋರಿಸಿದೆ. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಆ ಊರಿನ ಕೆರೆಯಲ್ಲಿ, ನ್ಯಾಷನಲ್ ಸೇಲಿಂಗ್ ಸ್ಕೂಲ್‌ನಲ್ಲಿ ಕಲಿತವರು ದೇವಾಸ್ ಜಿಲ್ಲೆಯ ರೈತನ ಮಗಳು ನೇಹಾ ಠಾಕೂರ್. ವಿಷ್ಣು ಕಂಚು ಗೆದ್ದ ಅದೇ ಕೂಟದಲ್ಲಿ ನೇಹಾ ಅದೇ ದೋಣಿಗೆ ಚಿಕ್ಕ ಹಾಯಿ ಕಟ್ಟಿದ ಐಎಲ್‌ಸಿಎ 4ರಲ್ಲಿ ಬೆಳ್ಳಿ ಗೆದ್ದರು. ಕೆರೆಯೇ ಇಷ್ಟು ಕೊಟ್ಟಿತಾದರೆ, ಮುನ್ನೂರು ಕಿಲೋಮೀಟರಿಗೂ ಮೀರಿದ ಕರಾವಳಿಯಿರುವ ಕರ್ನಾಟಕ ಏನು ಮಾಡುತ್ತಿದೆ ಎಂದು ಕೇಳಲೇಬೇಕು.

ರಾಜ್ಯದಲ್ಲಿ ಸೇಲಿಂಗ್ ಎಂದೊಡನೆ ನೆನಪಾಗುವುದು ಸೇನೆಯ ತೃಷ್ಣಾ ಕ್ಲಬ್, ಹಲಸೂರು ಕೆರೆ, ಕೃಷ್ಣರಾಜಸಾಗರ. ಸೇನೆ ಈ ಆಟವನ್ನು ಕೈಬಿಡದೆ ಉಳಿಸಿಕೊಂಡು ಬಂದದ್ದು ದೊಡ್ಡ ಉಪಕಾರ. ಆದರೆ ಗಂಗೊಳ್ಳಿಯ, ಹೊನ್ನಾವರದ ಮೀನುಗಾರರ ಮಕ್ಕಳಿಗೆ ಆ ನೀರು ದೂರ. ಎಂಜಿನ್ ಬರುವ ಮುಂಚೆ ಅವರ ಹಿರಿಯರು ಹಾಯಿ ಏರಿಸಿಯೇ ಮೀನಿಗೆ ಹೋಗುತ್ತಿದ್ದವರು. ಮೂಲ್ಕಿ, ಸಸಿಹಿತ್ಲುಗಳಲ್ಲಿ ಸರ್ಫಿಂಗ್ ಬೇರೂರಿದ್ದನ್ನು ನೋಡಿದವರಿಗೆ, ಹೊಸ ಆಟಕ್ಕೆ ಕರಾವಳಿಯ ಮಕ್ಕಳು ಒಗ್ಗುತ್ತಾರೋ ಇಲ್ಲವೋ ಎಂಬ ಅನುಮಾನ ಉಳಿಯಲಾರದು.

ಇದಕ್ಕೆ ಬಂದರು ಬೇಡ, ಜೆಟ್ಟಿಯೂ ಬೇಡ. ಐಎಲ್‌ಸಿಎಯನ್ನು ಟ್ರಾಲಿಯ ಮೇಲಿಟ್ಟು ಇಬ್ಬರು ಮರಳಿನ ಮೇಲೆ ತಳ್ಳಿಕೊಂಡು ಹೋಗಬಹುದು. ಚಿಕ್ಕವರಿಗೆ 2.3 ಮೀಟರಿನ ಆಪ್ಟಿಮಿಸ್ಟ್ ಇದೆ. ಶರಾವತಿಯ ಅಳಿವೆಯಂಥ ಕಡೆ ಅಲೆಯ ಹೊಡೆತ ಹೊರಗಿನಷ್ಟು ಇರುವುದಿಲ್ಲ. ಮಳೆಗಾಲ ಕಳೆದ ಮೇಲೆ ಮಧ್ಯಾಹ್ನಗಳಲ್ಲಿ ಕಡಲಗಾಳಿ ಬೀಸುತ್ತದೆ. ಕ್ರೀಡಾ ಇಲಾಖೆ ಮೊದಲು ಒಂದೇ ಊರು ಆರಿಸಿಕೊಂಡು, ಬಳಸಿದವಾದರೂ ಸರಿ, ಒಂದೇ ಬಗೆಯ ಹತ್ತು ದೋಣಿ ಕೊಡಲಿ. ಒಬ್ಬ ಕಾಯಂ ತರಬೇತುದಾರರನ್ನು ನೇಮಿಸಲಿ, ವಾರಕ್ಕೊಂದು ರೇಸ್ ನಡೆಸಲಿ. ಲೈಫ್ ಜಾಕೆಟ್ ಮತ್ತು ಎಂಜಿನ್ ಇರುವ ರಕ್ಷಣಾ ದೋಣಿಯ ವಿಷಯದಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಉಳಿಸಬಾರದು.