ಮನೆಯಲ್ಲಿ ಮಾಡಿದ್ದು ಬೇಡವಂತೆ

ಹ್ಯಾಲೋವೀನ್ ಎಂಬ ಅಮೆರಿಕದ ಹಬ್ಬದ ಬಗ್ಗೆ ನಮ್ಮವರಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷದವರಿಗೆ ಅದು ದೆವ್ವ ಪಿಶಾಚಿಗಳ ಹಬ್ಬ, ಮಕ್ಕಳ ಕೈಗೆ ಚೀಲ ಕೊಟ್ಟು ಮನೆಮನೆಗೆ ಬೇಡಲು ಕಳಿಸುವ ಅನಾಚಾರ. ಇನ್ನೊಂದು ಪಕ್ಷದವರಿಗೆ ಅದು ಬರೀ ಮೋಜು. ಅಕ್ಟೋಬರ್ ಕೊನೆಗೆ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಮಕ್ಕಳಿಗೆ ಮಾಟಗಾತಿಯ ಟೋಪಿ ಹಾಕಿಸಿ ಫೋಟೋ ತೆಗೆಸುವವರು ಈ ಪಕ್ಷದವರು. ನಾನು ಎರಡಕ್ಕೂ ಸೇರಿದವಳಲ್ಲ. ದೆವ್ವದ ತಕರಾರು ನನಗಿಲ್ಲ. ಪಿತೃಪಕ್ಷದಲ್ಲಿ ಎಡೆಯಿಟ್ಟು ಕಾಗೆಗಾಗಿ ಕಾಯುವ ನಾವು, ಸತ್ತವರು ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆಂದು ನಂಬಿದ್ದ ಐರ್ಲೆಂಡಿನ ಹಳ್ಳಿಗರನ್ನು ನೋಡಿ ನಗುವ ಹಾಗಿಲ್ಲ. ಬೇಡುವುದರ ಬಗ್ಗೆಯೂ ತಕರಾರಿಲ್ಲ. ನನ್ನ ಜಗಳವಿರುವುದು ಆ ಹಬ್ಬದೊಳಕ್ಕೆ ನಡುವೆ ಬಂದು ಕೂತ ಒಂದು ಕಟ್ಟಳೆಯ ಜೊತೆ: ಮನೆಯಲ್ಲಿ ಮಾಡಿದ ತಿಂಡಿಯನ್ನು ಬಂದ ಮಕ್ಕಳಿಗೆ ಕೊಡಬಾರದು, ಕಂಪನಿಯವರು ಮುಚ್ಚಿ ಕಳಿಸಿದ ಪೊಟ್ಟಣವೇ ಆಗಬೇಕು. ಇದನ್ನು ಯಾವ ಶಾಸನಸಭೆಯೂ ಕೂತು ಮಾಡಿದ್ದಲ್ಲ. ಆದರೂ ಕಾನೂನಿಗಿಂತ ಬಿಗಿಯಾಗಿ ನಡೆಯುತ್ತದೆ. ಈಗ ನಮ್ಮಲ್ಲಿಗೂ ಕಾಲಿಟ್ಟಿದೆ.

ಮಗಳ ಎರಡನೆಯ ಬಾಣಂತನಕ್ಕೆಂದು ರಜೆ ಹಾಕಿ 2024ರ ಅಕ್ಟೋಬರಿನಲ್ಲಿ ನಾನು ನ್ಯೂಜೆರ್ಸಿಯಲ್ಲಿದ್ದೆ. ಆ ವರ್ಷ ದೀಪಾವಳಿಯೂ ಹ್ಯಾಲೋವೀನೂ ಅಕ್ಟೋಬರ್ 31ಕ್ಕೇ ಬಿದ್ದಿದ್ದವು. ನಮ್ಮ ಜನ ಹೆಚ್ಚಾಗಿರುವ ಆ ಬೀದಿಯಲ್ಲಿ ಒಂದು ಮೆಟ್ಟಿಲ ಮೇಲೆ ಕಣ್ಣು ಬಾಯಿ ಕೊರೆದ ಸಿಹಿಗುಂಬಳ, ಅದರ ಪಕ್ಕದಲ್ಲೇ ಮಣ್ಣಿನ ಹಣತೆ. ನೋಡಲು ಚೆನ್ನಾಗಿಯೇ ಇತ್ತು. ಹಬ್ಬಕ್ಕೆಂದು ಮಾಡಿದ್ದ ಕೊಬ್ಬರಿ ಮಿಠಾಯಿ, ಕೋಡುಬಳೆಗಳನ್ನು ನಾಲ್ಕು ನಾಲ್ಕರಂತೆ ಕಾಗದದಲ್ಲಿ ಸುತ್ತಿ, ಸಂಜೆ ಬರುವ ಮಕ್ಕಳಿಗೆ ಇರಲಿ ಎಂದು ಬಾಗಿಲ ಬಳಿ ಬುಟ್ಟಿಯಲ್ಲಿಟ್ಟೆ. ಮಗಳು ಗಾಬರಿಯಿಂದ ಓಡಿಬಂದಳು.

"ಅಮ್ಮ, ಅದನ್ನ ಒಳಗಿಡು. ಇಲ್ಲಿ ಮನೇಲಿ ಮಾಡಿದ್ದು ಕೊಡೋ ಹಾಗಿಲ್ಲ. ಅವರಪ್ಪ ಅಮ್ಮ ಮನೆಗೆ ಹೋದ ಕೂಡಲೇ ಕಸದ ಬುಟ್ಟಿಗೆ ಹಾಕ್ತಾರೆ."

"ಯಾಕೇ?"

"ಯಾರಾದರೂ ವಿಷ ಗಿಷ ಹಾಕಿದ್ರೆ ಅಂತ."

ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು. ಯಾವ ಊರಲ್ಲಿ, ಯಾವ ವರ್ಷ, ಯಾವ ಮಗುವಿಗೆ ಹಾಗಾಯಿತು ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಅಳಿಯಂದಿರಿಗೂ ಗೊತ್ತಿರಲಿಲ್ಲ. "ಎಲ್ಲರೂ ಹೇಳ್ತಾರೆ" ಎಂದರು. ಎಲ್ಲರೂ ಹೇಳುವ ಮಾತಿಗೆ ನಾನು ತರಗತಿಯಲ್ಲಿ ಅರ್ಧ ಅಂಕವನ್ನೂ ಕೊಡುವುದಿಲ್ಲ.

ಪಕ್ಕದ ಮನೆಯಲ್ಲಿ ಎಂಬತ್ತಾರರ ಒಬ್ಬ ಅಜ್ಜಿ ಇದ್ದರು, ಪೆನ್ಸಿಲ್ವೇನಿಯಾದ ಒಂದು ಸಣ್ಣ ಊರಿನಲ್ಲಿ ಹುಟ್ಟಿ ಬೆಳೆದವರು. ನನ್ನ ಇಂಗ್ಲಿಷು ಅವರಿಗೆ, ಅವರದ್ದು ನನಗೆ ನಿಧಾನವಾಗಿ ಅರ್ಥವಾಗುತ್ತಿತ್ತು. ಬುಟ್ಟಿಯನ್ನು ಅವರ ಬಳಿಗೇ ಒಯ್ದೆ. ಕೋಡುಬಳೆಯನ್ನು ಕಟುಂ ಎಂದು ಕಡಿಯುತ್ತಾ ಅವರು ತಮ್ಮ ಕಾಲದ ಹ್ಯಾಲೋವೀನ್ ಹೇಳಿದರು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಅಮೆರಿಕದಲ್ಲಿ ಸಕ್ಕರೆಗೆ ರೇಷನ್ ಬಂತು. ಅದು ಮುಗಿದದ್ದು 1947ರಲ್ಲಿ. ಆಗ ಅವರಿಗೆ ಒಂಬತ್ತು ವರ್ಷ. ಅಲ್ಲಿಯವರೆಗೆ ಹ್ಯಾಲೋವೀನ್ ಎಂದರೆ ಒಂದು ಸೇಬು, ಹಿಡಿ ಬೀಜ. ಆ ಶರತ್ಕಾಲದಲ್ಲಿ ಬೀದಿಗೆ ಬೀದಿಯೇ ಸಕ್ಕರೆ ಕಾಯಿಸುವ ವಾಸನೆಯಂತೆ! ಒಬ್ಬರ ಮನೆಯಲ್ಲಿ ಬಿಸಿಬಿಸಿ ಡೋನಟ್, ಇನ್ನೊಬ್ಬರ ಮನೆಯಲ್ಲಿ ಕಡ್ಡಿ ಚುಚ್ಚಿ ಪಾಕದಲ್ಲಿ ಅದ್ದಿದ ಸೇಬು. ಅವರಿಗೆ ಅತಿ ಇಷ್ಟವಾದದ್ದು ಪಾಪ್‌ಕಾರ್ನ್ ಉಂಡೆ. ಜೋಳದ ಅರಳಿಗೆ ಕಾಕಂಬಿಯ ಪಾಕ ಹಾಕಿ, ಕೈಗೆ ಬೆಣ್ಣೆ ಸವರಿಕೊಂಡು ಬಿಸಿಯಿರುವಾಗಲೇ ಕಟ್ಟುವುದು. ನಮ್ಮ ಪುರಿ ಉಂಡೆಯ ಅಕ್ಕ ಎನ್ನಿ. ಅದನ್ನು ಕೊಡುತ್ತಿದ್ದಾಕೆ ಊರಿನಲ್ಲಿ ಸಿಡುಕಿ ಎಂದು ಹೆಸರಾದವಳು. ಉಳಿದ 364 ದಿನ ಮಕ್ಕಳು ಅವಳ ಬೇಲಿಯ ಹತ್ತಿರ ಸುಳಿಯುತ್ತಿರಲಿಲ್ಲ. ಆ ಒಂದು ಸಂಜೆ ಮಾತ್ರ ಅವಳ ಬಾಗಿಲಲ್ಲೇ ಉದ್ದನೆಯ ಸಾಲು. ಅಂಗಡಿಯ ಮಿಠಾಯಿಯೂ ಇತ್ತು, ಇಲ್ಲವೆಂದಲ್ಲ. ಮುಸುಕಿನ ಜೋಳದ ಕಾಳಿನ ಆಕಾರದ ಕ್ಯಾಂಡಿ ಕಾರ್ನ್ 1880ರ ದಶಕದಲ್ಲೇ ಫಿಲಡೆಲ್ಫಿಯಾದಲ್ಲಿ ಹುಟ್ಟಿದ್ದು. ಅದನ್ನು ಮಾತ್ರ ತಾವು ತಮ್ಮನಿಗೆ ದಾಟಿಸಿಬಿಡುತ್ತಿದ್ದೆ ಎಂದರು ಅಜ್ಜಿ. ಮೇಣ ಜಗಿದ ಹಾಗಂತೆ. ನಾನೂ ತಿಂದು ನೋಡಿದೆ, ಅವರು ಹೇಳಿದ್ದು ಸರಿ.

ಈ ಹಬ್ಬದ ಬೇರಿನಲ್ಲಿರುವುದೂ ಅಡುಗೆಮನೆಯೇ. ಇಂಗ್ಲೆಂಡಿನಲ್ಲಿ ನವೆಂಬರ್ ಮೊದಲ ಎರಡು ದಿನ ಬಡವರೂ ಮಕ್ಕಳೂ ಮನೆಮನೆಗೆ ಹೋಗಿ, ಸತ್ತವರ ಆತ್ಮಕ್ಕಾಗಿ ಪ್ರಾರ್ಥಿಸುತ್ತೇವೆಂದು ಹೇಳಿ 'ಸೋಲ್ ಕೇಕ್' ಎಂಬ ರೊಟ್ಟಿ ಪಡೆಯುತ್ತಿದ್ದರು. ಸ್ಕಾಟ್ಲೆಂಡಿನ ಮಕ್ಕಳು ವೇಷ ಹಾಕಿ, ಹಾಡೋ ಪದ್ಯವೋ ಒಪ್ಪಿಸಿ, ಹಣ್ಣು ಬೀಜ ಗಿಟ್ಟಿಸಬೇಕಿತ್ತು. ಐರ್ಲೆಂಡಿನಲ್ಲಿ ಬಾರ್ಮ್‌ಬ್ರ್ಯಾಕ್ ಎಂಬ ಒಣಹಣ್ಣಿನ ಬ್ರೆಡ್ಡಿನೊಳಗೆ ಉಂಗುರ ಹುದುಗಿಸಿಡುತ್ತಾರೆ, ಯಾರ ತುಂಡಿನಲ್ಲಿ ಬಂತೋ ಅವರಿಗೆ ಬೇಗ ಮದುವೆ. ಅಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದವರು 1840ರ ದಶಕದ ಆಲೂಗಡ್ಡೆ ಕ್ಷಾಮದಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಬಂದರು. ಅಮೆರಿಕದಲ್ಲಿ ಗೆಡ್ಡೆಯ ಜಾಗಕ್ಕೆ ಕುಂಬಳಕಾಯಿ ಬಂತು. ಎಲ್ಲ ಕಡೆಯೂ ಕೊಟ್ಟದ್ದು ಮನೆಯವರು ತಾವೇ ಮಾಡಿದ್ದನ್ನು, ತಮ್ಮ ಕೈಯಿಂದಲೇ.

ಹಾಗಾದರೆ ವಿಷದ ಮಾತು ಎಲ್ಲಿಂದ ಬಂತು? ಬಾಣಂತನದ ನಡುವೆ ಬಿಡುವಾದಾಗಲೆಲ್ಲ ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಕೂತೆ. ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು ಇದೇ ಪ್ರಶ್ನೆಯ ಬೆನ್ನು ಹತ್ತಿದವರು. 1958ರಿಂದ ಮುಂದಿನ ದೊಡ್ಡ ಪತ್ರಿಕೆಗಳನ್ನು ಜಾಲಾಡಿ, ಗೆರಾಲ್ಡ್ ಹೊರಿಯುಚಿ ಅವರ ಜೊತೆ 1985ರಲ್ಲಿ ಪ್ರಬಂಧ ಪ್ರಕಟಿಸಿದರು. ಆಮೇಲೂ ದಶಕಗಳ ಕಾಲ ಹುಡುಕುತ್ತಲೇ ಬಂದರು. ಹ್ಯಾಲೋವೀನಿನಲ್ಲಿ ಅಪರಿಚಿತರು ಕೊಟ್ಟ ತಿಂಡಿಯಿಂದ ಒಂದು ಮಗು ಸತ್ತಿತು ಅಥವಾ ಗಂಭೀರವಾಗಿ ಗಾಯಗೊಂಡಿತು ಎಂಬುದಕ್ಕೆ ಖಚಿತವಾದ ಒಂದೇ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. ಸೇಬಿನೊಳಗೆ ಬ್ಲೇಡು, ಗುಂಡುಸೂಜಿ ಎಂದು ಬಂದ ಸುದ್ದಿಗಳಲ್ಲಿ ಹೆಚ್ಚಿನವು ಮಕ್ಕಳೇ ತಮಾಷೆಗೆ ಚುಚ್ಚಿಕೊಂಡವು.

ಜನ ನೆನಪಿಟ್ಟುಕೊಂಡ ಪ್ರಕರಣಗಳನ್ನು ಒಂದೊಂದಾಗಿ ನೋಡೋಣ. 1964ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಒಬ್ಬ ಗೃಹಿಣಿ, ವೇಷ ಹಾಕುವ ವಯಸ್ಸು ಮೀರಿದ ಹುಡುಗರು ಬಂದರೆಂದು ಸಿಟ್ಟಾಗಿ ಇರುವೆ ಪಾಷಾಣದ ಬಿಲ್ಲೆಗಳನ್ನು ಹಂಚಿದಳು. ತಮಾಷೆ ಎಂದಳು. ಯಾರಿಗೂ ಏನೂ ಆಗಲಿಲ್ಲ, ಕೋರ್ಟು ಮಾತ್ರ ಬಿಡಲಿಲ್ಲ. 1970ರಲ್ಲಿ ಡೆಟ್ರಾಯಿಟಿನಲ್ಲಿ ಐದು ವರ್ಷದ ಒಂದು ಮಗು ಹೆರಾಯಿನ್ ಹೊಟ್ಟೆಗೆ ಹೋಗಿ ಸತ್ತಿತು. ಹಬ್ಬದ ಮಿಠಾಯಿಯಲ್ಲಿತ್ತೆಂದು ಗುಲ್ಲಾಯಿತು. ಮಗುವಿಗೆ ಅದು ಸಿಕ್ಕಿದ್ದು ಸ್ವಂತ ಚಿಕ್ಕಪ್ಪನ ಮನೆಯಲ್ಲಿ. 1974ರದ್ದು ಎಲ್ಲಕ್ಕಿಂತ ಘೋರವಾದದ್ದು. ಟೆಕ್ಸಾಸಿನ ಡೀರ್ ಪಾರ್ಕ್ ಎಂಬಲ್ಲಿ ಎಂಟು ವರ್ಷದ ಹುಡುಗ ಸಯನೈಡ್ ಬೆರೆತ ಮಿಠಾಯಿ ತಿಂದು ಸತ್ತ. ಕೊಟ್ಟವನು ಅಪರಿಚಿತನಲ್ಲ, ಹೆತ್ತ ತಂದೆ ರೊನಾಲ್ಡ್ ಓಬ್ರಯನ್, ವಿಮೆಯ ಹಣಕ್ಕಾಗಿ. ಅನುಮಾನ ಬಾರದಿರಲೆಂದು ತನ್ನ ಮಗಳಿಗೂ ಇನ್ನೂ ಮೂರು ಮಕ್ಕಳಿಗೂ ಅದನ್ನೇ ಕೊಟ್ಟಿದ್ದ. ಪುಣ್ಯಕ್ಕೆ ಅವರು ತಿನ್ನಲಿಲ್ಲ. 1984ರಲ್ಲಿ ಅವನಿಗೆ ಮರಣದಂಡನೆಯಾಯಿತು. ಇದರ ಮೇಲೆ 1982ರಲ್ಲಿ, ಹ್ಯಾಲೋವೀನಿಗೆ ಒಂದು ತಿಂಗಳಿದೆ ಎನ್ನುವಾಗ, ಷಿಕಾಗೋ ಸುತ್ತಮುತ್ತ ಅಂಗಡಿಯಿಂದ ತಂದ ಟೈಲೆನಾಲ್ ಗುಳಿಗೆಯಲ್ಲಿದ್ದ ಸಯನೈಡಿನಿಂದ ಏಳು ಜನ ಸತ್ತರು. ಆಮೇಲೆ ಕೇಳಬೇಕೆ? ಮಕ್ಕಳ ಮಿಠಾಯಿ ಚೀಲಗಳಿಗೆ ಆಸ್ಪತ್ರೆಗಳಲ್ಲಿ ಎಕ್ಸ್-ರೇ ತೆಗೆಯುವ ಮಟ್ಟಕ್ಕೆ ಹೋಯಿತು.

ಈಗ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಓಬ್ರಯನ್ ವಿಷ ತುಂಬಿದ್ದು ಪಾಪ್‌ಕಾರ್ನ್ ಉಂಡೆಗಲ್ಲ. ಪಿಕ್ಸಿ ಸ್ಟಿಕ್ಸ್ ಎಂಬ, ಹುಳಿಸಕ್ಕರೆ ಪುಡಿ ತುಂಬಿ ಕಾರ್ಖಾನೆಯಲ್ಲಿ ಮುಚ್ಚಿದ ಕೊಳವೆಗೆ. ಟೈಲೆನಾಲ್ ಅಂಗಡಿಯ ಸಾಲಿನಲ್ಲಿದ್ದ ಡಬ್ಬಿಯ ಮಾಲು. ಇರುವೆ ಪಾಷಾಣವೂ ಕಂಪನಿಯದೇ. ಒಂದರಲ್ಲಾದರೂ ಅಡುಗೆಮನೆಯ ಪಾತ್ರೆ ಕಂಡಿತೇ? ಕೊಂದದ್ದು ಪೊಟ್ಟಣದ ವಸ್ತು, ಶಿಕ್ಷೆಯಾದದ್ದು ಪಕ್ಕದ ಮನೆಯಾಕೆಯ ಬಾಣಲೆಗೆ! ಕೊಂದವನು ತಂದೆ, ಅನುಮಾನ ಬಿದ್ದದ್ದು ನೆರೆಯವರ ಮೇಲೆ! ಯಾವ ನ್ಯಾಯಾಲಯದಲ್ಲಿ ನಡೆಯುತ್ತದೆ ಇಂಥ ತೀರ್ಪು?

ಇದರ ಲಾಭ ಯಾರಿಗೆ ಹೋಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಸೆಪ್ಟೆಂಬರಿನಲ್ಲೇ ಅಂಗಡಿಯ ಒಂದು ಸಾಲು ಪೂರ್ತಿ ಗೇಣುದ್ದದ ಚೀಲಗಳಿಂದ ತುಂಬಿರುತ್ತದೆ. ಹರ್ಷೀಸ್, ಮಾರ್ಸ್, ರೀಸಿಸ್. ಕಂಪನಿಗಳು ಸಂಚು ಹೂಡಿದವೆಂದು ನಾನು ಹೇಳುವುದಿಲ್ಲ. ಸಂಚು ಹೂಡುವ ಅಗತ್ಯವೇ ಬೀಳಲಿಲ್ಲ. ಕಡಲೆಕಾಯಿ ಒಗ್ಗದ ಮಕ್ಕಳಿದ್ದಾರೆ, ಪೊಟ್ಟಣದ ಮೇಲಾದರೆ ಬರೆದಿರುತ್ತದೆ ಎಂದು ಮಗಳು ಹೇಳಿದಳು. ಆ ಮಾತಿಗೆ ಬೆಲೆಯಿದೆ. ಕೇಳಿ ಕೊಡಬಹುದು, ಚೀಟಿ ಬರೆದು ಅಂಟಿಸಬಹುದು. ಆದರೆ ರೀಸಿಸ್‌ನ ಒಳಗಿರುವುದೇ ಕಡಲೆಕಾಯಿಯ ಬೆಣ್ಣೆ, ಅದು ಮನೆಮನೆಯಲ್ಲೂ ಸಲೀಸಾಗಿ ಹಂಚಿಹೋಗುತ್ತದೆ. ಇನ್ನು ನಿಜವಾದ ಅಪಾಯ ಎಲ್ಲಿದೆ ಗೊತ್ತೇ? ರಸ್ತೆಯಲ್ಲಿ. 1975ರಿಂದ 2016ರವರೆಗಿನ ಲೆಕ್ಕ ತೆಗೆದ ವೈದ್ಯರು, ಹ್ಯಾಲೋವೀನ್ ಸಂಜೆ ಪಾದಚಾರಿಗಳು ವಾಹನಕ್ಕೆ ಸಿಕ್ಕಿ ಸಾಯುವ ಅಪಾಯ ಬೇರೆ ಸಂಜೆಗಳಿಗಿಂತ ನೂರಕ್ಕೆ 43ರಷ್ಟು ಹೆಚ್ಚು ಎಂದು ಕಂಡುಕೊಂಡರು. ಅದರಲ್ಲೂ ಹೆಚ್ಚು ಪೆಟ್ಟು ಸಣ್ಣ ಮಕ್ಕಳಿಗೆ. ಕಾರನ್ನು ಯಾರೂ ಮನೆಯಲ್ಲಿ ಬಿಟ್ಟು ಬರಲಿಲ್ಲ. ಉಂಡೆಯನ್ನು ಬಿಟ್ಟರು.

"ನಿಮ್ಮ ಕಾಲದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿದ್ದರು, ಈಗ ಯಾರು ಯಾರೋ" ಎನ್ನುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತುಮಾಡಿಕೊಳ್ಳಲೆಂದೇ ಅಲ್ಲವೇ ಬಾಗಿಲು ತಟ್ಟುವುದು?

ನನಗಿದು ಅಮೆರಿಕದವರ ಸಮಸ್ಯೆ ಮಾತ್ರವಾಗಿ ಕಾಣದಿರಲು ಕಾರಣವಿದೆ. ಹಾಸನ ಜಿಲ್ಲೆಯ ನಮ್ಮೂರಿನಲ್ಲಿ ಎಪ್ಪತ್ತರ ದಶಕದ ನವರಾತ್ರಿ ಎಂದರೆ ಒಂಬತ್ತು ಸಂಜೆಯ ಹ್ಯಾಲೋವೀನೇ. ಲಂಗ ಚಿಮ್ಮಿಸಿಕೊಂಡು ಮನೆಮನೆಗೆ ಓಡಿ "ಗೊಂಬೆ ಕೂರಿಸಿದ್ದೀರಾ?" ಎಂದು ಕೂಗುತ್ತಿದ್ದೆವು. ಕೂರಿಸಿದ್ದರೆ ಒಳಗೆ ಹೋಗಿ ನೋಡಿ, ಕೇಳಿದರೆ ಒಂದು ಹಾಡು ಹೇಳಿ, ಗೊಂಬೆ ಬಾಗಿನ ಪಡೆದು ಮುಂದಿನ ಮನೆ. ಸಕ್ಕರೆ ನಮಗೂ ರೇಷನ್ ಕಾರ್ಡಿನ ಮೇಲೆಯೇ, ಅದರಿಂದಾಗಿ ಬೆಲ್ಲದ್ದೇ ಹೆಚ್ಚು. ಮೇಷ್ಟರ ಮನೆಯ ಪುರಿ ಉಂಡೆ, ಪೋಸ್ಟ್‌ಮಾಸ್ತರರ ಮನೆಯ ಉಸಲಿ, ಕೊನೆಮನೆ ಅಜ್ಜಿಯ ಸಜ್ಜಪ್ಪ. ಯಾರ ಮನೆಯಲ್ಲಿ ಯಾವ ದಿನ ಏನು ಎಂಬ ಪಂಚಾಂಗವೇ ನಮ್ಮ ಬಾಯಲ್ಲಿತ್ತು. ಆದರೆ ಒಂದು ಮಾತು. ನಮ್ಮ ಬೀದಿಯ ಬಾಗಿಲುಗಳು ಎಲ್ಲ ಬೀದಿಯ ಮಕ್ಕಳಿಗೂ ತೆರೆದಿರಲಿಲ್ಲ. ಕೆಲವು ಮಕ್ಕಳಿಗೆ ಹೊಸಿಲಿನ ಹೊರಗೇ ಹಾಕುತ್ತಿದ್ದರು. ಅವರ ಮನೆಯಿಂದ ಬಂದದ್ದನ್ನು ನಮ್ಮವರು ತಿನ್ನುತ್ತಿರಲಿಲ್ಲ. 'ಯಾರ ಕೈ ತಾಗಿತು' ಎಂಬ ಪ್ರಶ್ನೆಯನ್ನು ನಮಗೆ ಅಮೆರಿಕದವರು ಕಲಿಸಬೇಕಾಗಿರಲಿಲ್ಲ. ಬಿಸಿಯೂಟದ ಅಡುಗೆಯಾಕೆಯ ಜಾತಿ ನೋಡಿ ಮಕ್ಕಳನ್ನು ಊಟಕ್ಕೆ ಬಿಡದ ಊರುಗಳ ಸುದ್ದಿ ಈ ಶತಮಾನದಲ್ಲೂ ಓದಿದ್ದೇವಲ್ಲ. ಅಂಥ ನಾಡಿಗೆ ಈ ಪೊಟ್ಟಣದ ಕಟ್ಟಳೆ ಬಂದರೆ, ಹಳೆಯ ಮಡಿಗೆ ಹೊಸ ಇಸ್ತ್ರಿ ಅಂಗಿ ತೊಡಿಸಿದ ಹಾಗೆ. ಜಾತಿ ಎಂದರೆ ನಾಚಿಕೆ, ಆರೋಗ್ಯ ಎಂದರೆ ಗೌರವ.

ಊರಿಗೆ ಮರಳಿದಾಗ ನನ್ನ ಶಾಲೆಯ ಫಲಕದಲ್ಲಿ ಒಂದು ಸುತ್ತೋಲೆ ಕಾದಿತ್ತು. ಹುಟ್ಟುಹಬ್ಬಕ್ಕೆ ಮಕ್ಕಳು ಮನೆಯ ತಿಂಡಿ ಹಂಚುವಂತಿಲ್ಲ, ಮುಚ್ಚಿದ ಪೊಟ್ಟಣದ ಚಾಕಲೇಟಿಗೆ ಮಾತ್ರ ಅನುಮತಿ. ವಾರವಾಗಿರಲಿಲ್ಲ, ಐದನೇ ತರಗತಿಯ ಹುಡುಗಿಯೊಬ್ಬಳು ಸ್ಟೀಲ್ ಡಬ್ಬಿ ಹಿಡಿದು ಮುಖ್ಯೋಪಾಧ್ಯಾಯರ ಕೋಣೆಯ ಹೊರಗೆ ನಿಂತಿದ್ದಳು. ತಾಯಿ ಪೌರಕಾರ್ಮಿಕರು. ಡಬ್ಬಿಯಲ್ಲಿ ಎಳ್ಳುಂಡೆ. ವಾಪಸ್ ತೆಗೆದುಕೊಂಡು ಹೋಗು ಎಂದಿದ್ದರು. ಆ ಸುತ್ತೋಲೆ ಬರುವ ಮೊದಲು ಅದೇ ತರಗತಿಯಲ್ಲಿ ಬೇರೆ ಮಕ್ಕಳ ಮನೆಯ ಕೇಕು, ಜಾಮೂನು ಎಷ್ಟೋ ಸಲ ಹಂಚಿಹೋಗಿದ್ದವು, ಯಾರಿಗೂ ಆರೋಗ್ಯ ನೆನಪಾಗಿರಲಿಲ್ಲ. ನಾನು ಅವಳ ಕೈ ಹಿಡಿದು ತರಗತಿಗೆ ಕರೆದೊಯ್ದೆ, ಮೊದಲ ಉಂಡೆ ನಾನೇ ತಿಂದೆ, ಉಳಿದದ್ದನ್ನು ಅವಳಿಂದಲೇ ಹಂಚಿಸಿದೆ.

ಮರುದಿನ ಕಾರಣ ಕೇಳಿ ನೋಟಿಸ್ ಬಂತು. ಮನೆಯ ತಿಂಡಿಯಿಂದ ಅನಾಹುತವಾದ ಊರು, ವರ್ಷ, ಮಗು ಯಾವುದೆಂದು ದಯವಿಟ್ಟು ತಿಳಿಸಿದರೆ ಸಮಜಾಯಿಷಿ ಕೊಡಲು ಅನುಕೂಲವಾಗುತ್ತದೆ ಎಂದು ಉತ್ತರ ಬರೆದೆ. ಡೀರ್ ಪಾರ್ಕಿನ ಪ್ರಕರಣವನ್ನೂ ಇಸವಿ ಸಮೇತ ಕೆಳಗೆ ಸೇರಿಸಿದೆ. ಅದಕ್ಕೆ ಆಡಳಿತ ಮಂಡಳಿಯಿಂದ ಈವರೆಗೂ ಜವಾಬಿಲ್ಲ. ನೋಟಿಸಿನ ಪ್ರತಿ ನನ್ನ ಸೇವಾ ಪುಸ್ತಕದಲ್ಲಿದೆ. ಡಬ್ಬಿಯಲ್ಲಿ ನಲವತ್ತೆರಡು ಎಳ್ಳುಂಡೆಗಳಿದ್ದವು, ಒಂದೂ ಉಳಿಯಲಿಲ್ಲ.